ಕೀಲುನೋವಿನ ಗುಳಿಗೆ ಕರುಳಿಗೆ ಮುಳುವಾದೀತೆ?

ತಲೆ ಸಿಡಿಯುತ್ತಿರಲಿ, ಸೊಂಟ ಹಿಡಿದಿರಲಿ, ಹಲ್ಲು ಜುಮ್ಮೆನ್ನುತ್ತಿರಲಿ, ಮನೆಯ ಔಷಧದ ಡಬ್ಬಿಯಲ್ಲಿ ಉಳಿದಿರುವ ಒಂದು ಗುಳಿಗೆಯನ್ನು ನೀರಿನೊಡನೆ ನುಂಗಿ ಕೆಲಸಕ್ಕೆ ಹೊರಡುವುದು ನಗರವಾಸಿಗಳ ರೂಢಿ. ಬಹುತೇಕರಿಗೆ ಇದರಿಂದ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಹೆಚ್ಚೆಂದರೆ ಒಂದೆರಡು ದಿನ ಹೊಟ್ಟೆಯುರಿ. ಆದರೆ ಕರುಳಿನ ದೀರ್ಘಕಾಲಿಕ ಉರಿಯೂತದಿಂದ ಬಳಲುವವರ ಪಾಲಿಗೆ ಇದೇ ಗುಳಿಗೆ ಅಷ್ಟು ನಿರಪಾಯಕಾರಿಯಲ್ಲ. ತಿಂಗಳುಗಟ್ಟಲೆ ಔಷಧ ಸೇವಿಸಿ ಹತೋಟಿಗೆ ತಂದ ಕಾಯಿಲೆ ಕೆಲವೇ ದಿನಗಳಲ್ಲಿ ಮತ್ತೆ ಕೆರಳಬಹುದು ಎಂಬ ಆತಂಕ ವೈದ್ಯಲೋಕದಲ್ಲಿ ದಶಕಗಳಿಂದ ಇದೆ. ಆ ಆತಂಕದಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು, ನೋವು ಬಂದಾಗ ಇಂಥ ರೋಗಿ ಮಾಡಬೇಕಾದುದೇನು ಎಂಬುದನ್ನು ಅರಿತಿರುವುದು ಅಗತ್ಯ.

ಎರಡು ಕಾಯಿಲೆ, ಒಂದು ಹೆಸರು

ಕರುಳಿನ ಉರಿಯೂತ ಕಾಯಿಲೆ ಅಥವಾ ಐಬಿಡಿ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ರೋಗಗಳು ಬರುತ್ತವೆ. ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದದ್ದು. ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ ಇದರ ಪ್ರಧಾನ ಲಕ್ಷಣ. ಎರಡನೆಯದು ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ‍್ರಿಲ್ ಕ್ರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಿಂದ ಇದಕ್ಕೆ ಈ ಹೆಸರು ಬಂತು. ಬಾಯಿಯಿಂದ ಗುದದ್ವಾರದವರೆಗೆ ಜೀರ್ಣಾಂಗದ ಯಾವ ಭಾಗದಲ್ಲಾದರೂ ಕಾಣಿಸಿಕೊಳ್ಳುವ ಇದು ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ಆಕ್ರಮಿಸುತ್ತದೆ. ಕರುಳು ಕಿರಿದಾಗುವುದು, ಅಡ್ಡದಾರಿಗಳು ಅಂದರೆ ಫಿಸ್ಟುಲಾಗಳು ಮೂಡುವುದು ಇದರ ತೊಡಕುಗಳು.

ಇವು ಪಾಶ್ಚಾತ್ಯರ ಕಾಯಿಲೆಗಳೆಂಬ ನಂಬಿಕೆ ಬಹುಕಾಲ ಇತ್ತು. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆ, ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆಯೆಂದು ತೋರಿಸಿ ಆ ನಂಬಿಕೆಯನ್ನು ಅಲುಗಿಸಿತು. ಭಾರತದಲ್ಲಿ ಇನ್ನೊಂದು ತೊಡಕೂ ಉಂಟು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆಗಳ ಲಕ್ಷಣಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ನುರಿತ ತಜ್ಞರೂ ಎರಡನ್ನು ಬೇರ್ಪಡಿಸಲು ಹೆಣಗಬೇಕಾಗುತ್ತದೆ. ನೋವುಗುಳಿಗೆಗಳಿಂದ ಸಣ್ಣ ಕರುಳಿನಲ್ಲಿ ಮೂಡುವ ಹುಣ್ಣು ಈ ಗೊಂದಲಕ್ಕೆ ಮೂರನೆಯ ಕವಲನ್ನು ಸೇರಿಸುತ್ತದೆ.

ಎರಡೂ ಕಾಯಿಲೆಗಳ ಸ್ವಭಾವ ಒಂದೇ: ಕೆಲಕಾಲ ಶಾಂತವಾಗಿರುವುದು, ಮತ್ತೆ ಕೆರಳುವುದು. ಚಿಕಿತ್ಸೆಯ ಗುರಿ ಶಾಂತ ಅವಧಿಯನ್ನು ಸಾಧ್ಯವಾದಷ್ಟು ಉದ್ದವಾಗಿಸುವುದು. ಆದ್ದರಿಂದಲೇ ಕಾಯಿಲೆಯನ್ನು ಕೆಣಕಬಹುದಾದ ಯಾವ ಸಂಗತಿಯೂ ಇಲ್ಲಿ ಸಣ್ಣದಲ್ಲ.

ನೋವು ಏಕೆ ಬೆನ್ನು ಬಿಡದು?

ವಿಪರ್ಯಾಸವೆಂದರೆ ನೋವುಗುಳಿಗೆಯಿಂದ ದೂರವಿರಬೇಕಾದ ಈ ರೋಗಿಗಳಿಗೇ ಅದರ ಅಗತ್ಯ ಹೆಚ್ಚು. ಐಬಿಡಿ ಕರುಳಿನಲ್ಲಿ ಮಾತ್ರ ನಿಲ್ಲುವುದಿಲ್ಲ. ಕರುಳಿನಾಚೆಯ ತೊಂದರೆಗಳಲ್ಲಿ ಕೀಲುಗಳದ್ದೇ ಮೇಲುಗೈ. ಮಂಡಿ, ಪಾದದ ಕೀಲುಗಳಂಥ ದೊಡ್ಡ ಕೆಲವು ಕೀಲುಗಳು ಊದಿಕೊಳ್ಳುವುದು ಒಂದು ಬಗೆ; ಇದು ಸಾಮಾನ್ಯವಾಗಿ ಕರುಳಿನ ಉರಿಯೂತದ ಜೊತೆಗೇ ಏರುತ್ತದೆ, ಜೊತೆಗೇ ಇಳಿಯುತ್ತದೆ. ಕೈಬೆರಳುಗಳ ಹಲವು ಸಣ್ಣ ಕೀಲುಗಳನ್ನು ಬಾಧಿಸುವುದು ಇನ್ನೊಂದು ಬಗೆ. ಇದಕ್ಕೆ ಕರುಳಿನ ಏರಿಳಿತದ ಹಂಗಿಲ್ಲ. ಬೆನ್ನುಮೂಳೆ ಮತ್ತು ಕಟಿಭಾಗದ ಕೀಲುಗಳ ಉರಿಯೂತ ಮೂರನೆಯದು. ಬೆಳಗಿನ ಜಾವದಲ್ಲಿ ಬೆನ್ನು ಮರಗಟ್ಟುವುದು, ನಡೆದಾಡಿದ ಮೇಲೆ ಸಡಿಲಗೊಳ್ಳುವುದು ಇದರ ಗುರುತು.

ಇದರ ಮೇಲೆ ಎಲ್ಲರಿಗೂ ಬರುವ ತಲೆನೋವು, ಮುಟ್ಟಿನ ನೋವು, ಉಳುಕು, ಹಲ್ಲುನೋವುಗಳು ಇದ್ದೇ ಇವೆ. ಕರ್ನಾಟಕದಲ್ಲಿ ಚಿಕೂನ್‌ಗುನ್ಯಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2006ರಲ್ಲಿ ರಾಜ್ಯದ ಲಕ್ಷಾಂತರ ಮಂದಿಯನ್ನು ಹಾಸಿಗೆಗೆ ಕೆಡವಿದ ಈ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿಹೋಗುತ್ತದೆ. ಆಗ ನೋವುಗುಳಿಗೆ ದಿನದ ಊಟದಷ್ಟೇ ವಾಡಿಕೆಯಾಗಿಬಿಡುತ್ತದೆ.

ಗುಳಿಗೆ ಕೆಲಸ ಮಾಡುವ ಬಗೆ

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಇಂಡೊಮೆಥಾಸಿನ್, ಮೆಫೆನಾಮಿಕ್ ಆಮ್ಲ ಇವೆಲ್ಲ ಒಂದೇ ವರ್ಗಕ್ಕೆ ಸೇರಿದವು. ಸ್ಟೀರಾಯ್ಡ್ ಅಲ್ಲದ, ಉರಿಯೂತವನ್ನು ಶಮನಗೊಳಿಸುವ ಔಷಧಗಳೆಂಬ ಅರ್ಥದಲ್ಲಿ ವೈದ್ಯರು ಇವನ್ನು ಎನ್‌ಎಸ್‌ಎಐಡಿ ಎಂದು ಕರೆಯುತ್ತಾರೆ. ಇವು ನೋವನ್ನು ಹೇಗೆ ತಗ್ಗಿಸುತ್ತವೆ ಎಂಬ ಗುಟ್ಟನ್ನು 1971ರಲ್ಲಿ ಬಿಡಿಸಿದವರು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ಆಸ್ಪಿರಿನ್ ತಡೆಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಈ ಸಂಶೋಧನೆಗಾಗಿ 1982ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಸಂದಿತು.

ಪ್ರೊಸ್ಟಗ್ಲಾಂಡಿನ್‌ಗಳಿಗೆ ಎರಡು ಮುಖ. ಗಾಯಗೊಂಡ ಅಂಗಾಂಶದಲ್ಲಿ ಅವು ನೋವನ್ನೂ ಊತವನ್ನೂ ಉಂಟುಮಾಡುತ್ತವೆ. ಜಠರ ಮತ್ತು ಕರುಳಿನಲ್ಲಿ ಅವೇ ರಕ್ಷಕರು: ಲೋಳೆಯ ಪದರವನ್ನು ಹಚ್ಚಗಿಡುವುದು, ರಕ್ತಸಂಚಾರವನ್ನು ಕಾಯುವುದು, ಗೀರಿದ ಒಳಪದರವನ್ನು ಮತ್ತೆ ಬೆಳೆಸುವುದು ಅವುಗಳ ಕಾಯಕ. ಇವನ್ನು ತಯಾರಿಸುವ ಕಿಣ್ವದ ಹೆಸರು ಸೈಕ್ಲೊಆಕ್ಸಿಜನೇಸ್, ಚುಟುಕಾಗಿ ಕಾಕ್ಸ್. ಅದರಲ್ಲೂ ಎರಡು ಬಗೆಗಳಿವೆ ಎಂಬುದು 1990ರ ದಶಕದ ಆರಂಭದಲ್ಲಿ ಸ್ಪಷ್ಟವಾಯಿತು. ಸ್ಥೂಲವಾಗಿ ಹೇಳುವುದಾದರೆ ಕಾಕ್ಸ್-1 ನಿತ್ಯದ ರಕ್ಷಣೆಯ ಕಾವಲುಗಾರ. ಕಾಕ್ಸ್-2 ಉರಿಯೂತ ಎದ್ದಾಗ ಮೈದೋರುವ ಕಿಣ್ವ. ಆದರೆ ಗಾಯ ಮಾಯಿಸುವಲ್ಲಿ ಕಾಕ್ಸ್-2ಕ್ಕೂ ಪಾತ್ರವಿದೆ ಎಂಬುದನ್ನು ಮರೆಯುವಂತಿಲ್ಲ. ಸಾಮಾನ್ಯ ನೋವುಗುಳಿಗೆ ಎರಡನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ನೋವೇನೋ ತಗ್ಗುತ್ತದೆ, ಜೊತೆಗೆ ಕರುಳಿನ ಕಾವಲೂ ಸಡಿಲಗೊಳ್ಳುತ್ತದೆ. ಮೊದಲೇ ಹುಣ್ಣಾಗಿರುವ ಕರುಳಿಗೆ ಇದು ಗಾಯದ ಮೇಲಿನ ಬರೆ.

ಗ್ಯಾಸ್ಟ್ರಿಕ್ ಮಾತ್ರೆ ಕಾಪಾಡದು

ನೋವುಗುಳಿಗೆಯ ಜೊತೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳಂಥ ಆಮ್ಲ ತಗ್ಗಿಸುವ ಔಷಧಗಳು ಜಠರ ಹಾಗೂ ಅದಕ್ಕೆ ಹೊಂದಿಕೊಂಡ ಸಣ್ಣ ಕರುಳಿನ ಮೊದಲ ಭಾಗವನ್ನು ಹುಣ್ಣಿನಿಂದ ಕಾಪಾಡುತ್ತವೆ ಎಂಬುದು ನಿಜ. ಆದರೆ ಅಲ್ಲಿಂದ ಕೆಳಗೆ ಆಮ್ಲವೇ ಇಲ್ಲ; ಆದ್ದರಿಂದ ಅವುಗಳ ರಕ್ಷಣೆಯೂ ಇಲ್ಲ.

ಇದಕ್ಕೆ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕಣ್ಣಿಗೆ ಕಟ್ಟುವ ಸಾಕ್ಷ್ಯ ಒದಗಿಸಿತು. ಆರೋಗ್ಯವಂತರಾದ 40 ಮಂದಿ ಸ್ವಯಂಸೇವಕರಿಗೆ ಎರಡು ವಾರ ಡೈಕ್ಲೊಫೆನಾಕ್ ಜೊತೆಗೆ ಒಮೆಪ್ರಜೋಲ್ ಕೊಡಲಾಯಿತು. ನಂತರ ಗುಳಿಗೆಯ ಗಾತ್ರದ ಕ್ಯಾಮೆರಾವನ್ನು ನುಂಗಿಸಿ ಸಣ್ಣ ಕರುಳನ್ನು ಪರೀಕ್ಷಿಸಿದಾಗ 27 ಮಂದಿಯಲ್ಲಿ, ಅಂದರೆ ಶೇ. 68ರಷ್ಟು ಜನರಲ್ಲಿ, ಮೊದಲಿಲ್ಲದ ಗಾಯದ ಗುರುತುಗಳು ಕಂಡವು. ಕರುಳಿನ ಉರಿಯೂತವನ್ನು ಅಳೆಯುವ ಮಲಪರೀಕ್ಷೆಯೂ ಮುಕ್ಕಾಲು ಪಾಲು ಮಂದಿಯಲ್ಲಿ ಏರುಮುಖವಾಗಿತ್ತು. ಇವರಾರಿಗೂ ಕರುಳಿನ ಕಾಯಿಲೆ ಇರಲಿಲ್ಲ ಎಂಬುದು ಗಮನಾರ್ಹ.

ಗುಳಿಗೆಯ ಬದಲು ಇಂಜೆಕ್ಷನ್ ಪಡೆದರೆ ಕರುಳು ಪಾರಾದೀತು ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಔಷಧ ರಕ್ತವನ್ನು ಸೇರಿದ ಮೇಲೆ ಕಿಣ್ವವನ್ನು ಎಲ್ಲೆಡೆಯೂ ತಡೆಯುತ್ತದೆ. ಡೈಕ್ಲೊಫೆನಾಕ್, ಇಂಡೊಮೆಥಾಸಿನ್‌ನಂಥವು ಯಕೃತ್ತಿನಿಂದ ಪಿತ್ತರಸದ ಮೂಲಕ ಮತ್ತೆ ಕರುಳಿಗಿಳಿದು ಒಳಪದರವನ್ನು ಇನ್ನೊಮ್ಮೆ ತಾಗುತ್ತವೆ. ಜಠರದಲ್ಲಿ ಕರಗದಂತೆ ಹೊದಿಕೆ ಹಾಕಿದ ಗುಳಿಗೆಗಳು ಮೇಲಿನ ಭಾಗಕ್ಕೆ ಕೊಂಚ ನೆಮ್ಮದಿ ಕೊಟ್ಟಾವು. ಆದರೆ ಅವು ಕರಗುವುದು ಕೆಳಗಿನ ಕರುಳಿನಲ್ಲೇ.

ಅಧ್ಯಯನಗಳ ಒಮ್ಮತವೆಷ್ಟು?

ಐಬಿಡಿ ಇರುವವರಲ್ಲಿ ಈ ಗುಳಿಗೆಗಳು ನಿಜಕ್ಕೂ ಕಾಯಿಲೆಯನ್ನು ಕೆರಳಿಸುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಯಿಲೆ ಶಾಂತವಾಗಿದ್ದ ರೋಗಿಗಳಿಗೆ ನ್ಯಾಪ್ರಾಕ್ಸೆನ್, ಡೈಕ್ಲೊಫೆನಾಕ್, ಇಂಡೊಮೆಥಾಸಿನ್ ಅಥವಾ ಪ್ಯಾರಾಸಿಟಮಾಲ್ ಕೊಟ್ಟು ನಾಲ್ಕು ವಾರ ಗಮನಿಸಲಾಯಿತು. ಮೊದಲ ಮೂರು ಔಷಧ ಪಡೆದವರಲ್ಲಿ ಶೇ. 17ರಿಂದ 28ರಷ್ಟು ಮಂದಿಗೆ ಒಂಬತ್ತೇ ದಿನಗಳೊಳಗೆ ಕಾಯಿಲೆ ಮರುಕಳಿಸಿತು. ಪ್ಯಾರಾಸಿಟಮಾಲ್ ಪಡೆದವರಲ್ಲಿ ಹಾಗಾಗಲಿಲ್ಲ. ಎರಡೂ ಕಿಣ್ವಗಳನ್ನು ಒಟ್ಟಿಗೆ ತಡೆಯುವುದೇ ಮರುಕಳಿಕೆಗೆ ಕಾರಣವೆಂದು ಸಂಶೋಧಕರು ತರ್ಕಿಸಿದರು. ಆದರೆ ಪ್ರತಿ ಗುಂಪಿನಲ್ಲಿದ್ದವರು ಕೇವಲ ಇಪ್ಪತ್ತು ಮೂವತ್ತು ಮಂದಿ.

ಅಮೆರಿಕದ ಸುಮಾರು 76 ಸಾವಿರ ದಾದಿಯರನ್ನು ದೀರ್ಘಕಾಲ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿತು: ಕಾಯಿಲೆ ಇಲ್ಲದವರಿಗೆ ಈ ಗುಳಿಗೆಯಿಂದ ಐಬಿಡಿ ಬರಬಹುದೇ? ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇವನ್ನು ಸೇವಿಸುತ್ತಿದ್ದವರಲ್ಲಿ ಎರಡೂ ಕಾಯಿಲೆಗಳ ಸಂಭವ ಹೆಚ್ಚಿತ್ತು; ಆಗೊಮ್ಮೆ ಈಗೊಮ್ಮೆ ಸೇವಿಸುತ್ತಿದ್ದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಅಪಾಯದ ಮಾತು ಬಂದಾಗ ಪ್ರಮಾಣವೂ ಅವಧಿಯೂ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ಇತ್ತ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ, ನೋವುಗುಳಿಗೆಗೂ ಕಾಯಿಲೆಯ ಮರುಕಳಿಕೆಗೂ ಸ್ಥಿರವಾದ ನಂಟು ಕಾಣದೆಂದು ಹೇಳಿತು. 2022ರಲ್ಲಿ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳಿಂದ 15 ಸಾವಿರಕ್ಕೂ ಹೆಚ್ಚು ಐಬಿಡಿ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ಇನ್ನಷ್ಟು ಕುತೂಹಲಕರ. ಗುಳಿಗೆ ಸೇವಿಸಿದವರನ್ನು ಸೇವಿಸದವರೊಡನೆ ಹೋಲಿಸಿದಾಗ ಮರುಕಳಿಕೆಯ ಸಂಭವ ಕಾಲುಭಾಗದಷ್ಟು ಹೆಚ್ಚು ಕಂಡಿತು. ಆದರೆ ಅದೇ ರೋಗಿಯ ಗುಳಿಗೆ ಸೇವಿಸುವ ಮುಂಚಿನ ಕಾಲವನ್ನು ನಂತರದ ಕಾಲದೊಡನೆ ಹೋಲಿಸಿ ನೋಡಿದಾಗ ಆ ನಂಟು ಉಳಿಯಲಿಲ್ಲ.

ಇದಕ್ಕೆ ವಿವರಣೆ ಹೀಗಿದೆ. ಕರುಳಿನ ಕಾಯಿಲೆ ಕೆರಳುವ ಮುನ್ನವೇ ಕೆಲವರಿಗೆ ಮಂಡಿ ನೋಯತೊಡಗುತ್ತದೆ, ಹೊಟ್ಟೆ ಹಿಂಡತೊಡಗುತ್ತದೆ. ಆ ನೋವಿಗೆಂದೇ ಗುಳಿಗೆ ನುಂಗುತ್ತಾರೆ. ವಾರ ಕಳೆಯುವುದರೊಳಗೆ ರಕ್ತಭೇದಿ ಆರಂಭವಾಗುತ್ತದೆ. ಗುಳಿಗೆ ಕಾಯಿಲೆಯನ್ನು ಕರೆತಂದಿತೋ, ಬರಲಿದ್ದ ಕಾಯಿಲೆಯೇ ಗುಳಿಗೆಯನ್ನು ನುಂಗಿಸಿತೋ ಎಂಬುದನ್ನು ಹೊರಗಿನಿಂದ ಬಿಡಿಸಿ ಹೇಳುವುದು ಸುಲಭವಲ್ಲ. ಹೊಗೆಯನ್ನು ಕಂಡು ಬೆಂಕಿಯ ಕಾರಣವೇ ಹೊಗೆ ಎಂದಂತೆ ಆಗಬಾರದು.

ಹಾಗಿದ್ದರೂ ಎಚ್ಚರ ಏಕೆ?

ಸಾಕ್ಷ್ಯ ಹೀಗೆ ಇಬ್ಬಗೆಯಾಗಿರುವಾಗ ವೈದ್ಯರು ಈ ಗುಳಿಗೆಗಳನ್ನು ಸಾಧ್ಯವಾದಷ್ಟು ದೂರವಿಡಿ ಎಂದು ಹೇಳುವುದೇಕೆ? ಕಾರಣ ಲಾಭನಷ್ಟದ ಲೆಕ್ಕದಲ್ಲಿದೆ. ಸಾಮಾನ್ಯ ನೋವಿಗೆ ಗುಳಿಗೆ ತಪ್ಪಿಸಿದರೆ ಆಗುವ ನಷ್ಟ ಒಂದೆರಡು ದಿನದ ಯಾತನೆ. ಅದಕ್ಕೂ ಬೇರೆ ದಾರಿಗಳಿವೆ. ಕಾಯಿಲೆ ನಿಜಕ್ಕೂ ಕೆರಳಿದರೆ ಆಗುವ ನಷ್ಟ ಸ್ಟೀರಾಯ್ಡ್, ಆಸ್ಪತ್ರೆವಾಸ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಎಲ್ಲರಿಗೂ ಹಾಗಾಗದು ಎಂಬುದು ನಿಜ. ಆದರೆ ಯಾರಿಗೆ ಆಗುತ್ತದೆಂದು ಮುಂಚಿತವಾಗಿ ತಿಳಿಸುವ ಪರೀಕ್ಷೆ ಇಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘವು ಕ್ರೋನ್ಸ್ ಕುರಿತು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಾಧ್ಯವಿದ್ದಾಗಲೆಲ್ಲ ಇವನ್ನು ತಪ್ಪಿಸಬೇಕೆಂದೇ ಸೂಚಿಸಿತು.

ಕರುಳಿನ ಮಾತು ಬಿಟ್ಟರೂ ಬೇರೆ ಅಪಾಯಗಳಿವೆ. ಭೇದಿಯಿಂದ ದೇಹದ ನೀರು ಬತ್ತಿರುವಾಗ ಈ ಗುಳಿಗೆ ಮೂತ್ರಪಿಂಡಗಳಿಗೆ ರಕ್ತದ ಹರಿವನ್ನು ಇನ್ನಷ್ಟು ಕುಗ್ಗಿಸುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಜೊತೆ ಸೇರಿದರೆ ಜಠರದ ಹುಣ್ಣು ಮತ್ತು ರಕ್ತಸ್ರಾವದ ಸಂಭವ ಹಲವು ಪಟ್ಟು ಏರುತ್ತದೆ. ಮೆಥೊಟ್ರೆಕ್ಸೇಟ್, ಸೈಕ್ಲೊಸ್ಪೊರಿನ್ ಸೇವಿಸುವವರಲ್ಲಿ ವಿಷಪರಿಣಾಮಗಳ ಮೇಲೆ ನಿಗಾ ಬೇಕು. ರೋಗನಿರ್ಣಯವೂ ದಾರಿ ತಪ್ಪಬಹುದು: ಕರುಳಿನ ಉರಿಯೂತವನ್ನು ಅಳೆಯುವ ಕ್ಯಾಲ್‌ಪ್ರೊಟೆಕ್ಟಿನ್ ಮಲಪರೀಕ್ಷೆಯ ಅಂಕಿಯನ್ನು ಗುಳಿಗೆಯೊಂದೇ ಏರಿಸಬಲ್ಲದು. ಅದನ್ನು ತಿಳಿಯದ ವೈದ್ಯರು ಕಾಯಿಲೆ ಕೆರಳಿದೆಯೆಂದು ಬಗೆದು ಔಷಧದ ತೀವ್ರತೆಯನ್ನು ಹೆಚ್ಚಿಸಿಯಾರು. ಪರೀಕ್ಷೆಗೆ ಮುನ್ನ ಇತ್ತೀಚೆಗೆ ಸೇವಿಸಿದ ಪ್ರತಿ ನೋವುಗುಳಿಗೆಯನ್ನೂ ತಿಳಿಸಬೇಕಾದುದು ಇದಕ್ಕಾಗಿಯೇ.

ಕಾಕ್ಸ್-2 ಔಷಧಗಳ ಕಥೆ

ಕಾವಲು ಕಿಣ್ವವನ್ನು ಮುಟ್ಟದೆ ಉರಿಯೂತದ ಕಿಣ್ವವನ್ನಷ್ಟೇ ತಡೆಯುವ ಔಷಧ ಸಿಕ್ಕರೆ ಸಮಸ್ಯೆ ಬಗೆಹರಿದೀತು ಎಂಬ ಆಸೆಯಿಂದ ಹುಟ್ಟಿದವು ಸೆಲೆಕಾಕ್ಸಿಬ್, ರೋಫೆಕಾಕ್ಸಿಬ್, ಎಟೊರಿಕಾಕ್ಸಿಬ್‌ಗಳು. ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುವುದು ಬಯಲಾಗಿ 2004ರ ಸೆಪ್ಟೆಂಬರಿನಲ್ಲಿ ವಿಶ್ವದಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅದೇ ವರ್ಷಾಂತ್ಯದಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಸೆಲೆಕಾಕ್ಸಿಬ್ ಮತ್ತು ಎಟೊರಿಕಾಕ್ಸಿಬ್ ಭಾರತದಲ್ಲಿ ಬಳಕೆಯಲ್ಲಿ ಉಳಿದವು.

ಐಬಿಡಿ ರೋಗಿಗಳಲ್ಲಿ ಸೆಲೆಕಾಕ್ಸಿಬ್ ಕುರಿತು ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಅಲ್ಸರೇಟಿವ್ ಕೊಲೈಟಿಸ್ ಶಾಂತವಾಗಿದ್ದ 222 ಮಂದಿಗೆ 14 ದಿನ ಈ ಔಷಧವನ್ನೋ ಹುಸಿಗುಳಿಗೆಯನ್ನೋ ಕೊಡಲಾಯಿತು. ಕಾಯಿಲೆ ಕೆರಳಿದ್ದು ಔಷಧ ಪಡೆದವರಲ್ಲಿ ಶೇ. 3, ಹುಸಿಗುಳಿಗೆ ಪಡೆದವರಲ್ಲಿ ಶೇ. 4, ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಆದರೆ ಇದರ ಮಿತಿಗಳನ್ನು ಕಡೆಗಣಿಸುವಂತಿಲ್ಲ. ಇಲ್ಲಿದ್ದವರ ಕಾಯಿಲೆ ಶಾಂತವಾಗಿತ್ತು, ಅವಧಿ ಎರಡೇ ವಾರ. ಕಾಯಿಲೆ ಕೆರಳಿರುವವರಿಗೆ, ತಿಂಗಳುಗಟ್ಟಲೆ ಸೇವಿಸುವವರಿಗೆ, ಹೃದ್ರೋಗ ಇರುವವರಿಗೆ ಈ ಭರವಸೆ ಅನ್ವಯಿಸುವುದಿಲ್ಲ.

ಹೆಸರಿನ ಮರೆಯ ಔಷಧ

ಬಹುತೇಕ ಅನಾಹುತಗಳಿಗೆ ಕಾರಣ ಔಷಧದ ಬಗೆಗಿನ ಉದಾಸೀನವಲ್ಲ. ಯಾವ ಔಷಧ ನುಂಗುತ್ತಿದ್ದೇವೆ ಎಂಬುದು ತಿಳಿಯದಿರುವುದು. ಭಾರತದಲ್ಲಿ ಎರಡು ಮೂರು ಔಷಧ ಬೆರೆಸಿದ ಗುಳಿಗೆಗಳು ಹೇರಳ. ಬ್ರುಫೆನ್ ಎಂದರೆ ಐಬುಪ್ರೊಫೆನ್, ವೊವೆರಾನ್ ಎಂದರೆ ಡೈಕ್ಲೊಫೆನಾಕ್, ಡಿಸ್ಪ್ರಿನ್ ಎಂದರೆ ಆಸ್ಪಿರಿನ್ ಎಂಬುದು ಹಲವರಿಗೆ ಗೊತ್ತು. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ, ಜೀರೊಡಾಲ್-ಪಿಯಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೊಫೆನಾಕ್ ಇದೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಪ್ಯಾರಾಸಿಟಮಾಲ್ ಎಂಬ ಪದ ಪಟ್ಟಿಯ ಮೇಲೆ ಕಂಡೊಡನೆ ನಿಶ್ಚಿಂತರಾಗುವವರು ಅದರ ಪಕ್ಕದ ಪದವನ್ನೂ ಓದಬೇಕು.

ಮುಟ್ಟಿನ ನೋವಿಗೆ ಹೆಚ್ಚಾಗಿ ಬಳಕೆಯಾಗುವ ಮೆಫ್ಟಾಲ್-ಸ್ಪಾಸ್ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹ. ಇದರಲ್ಲಿ ಮೆಫೆನಾಮಿಕ್ ಆಮ್ಲದ ಜೊತೆ ಕರುಳಿನ ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ ಇರುತ್ತದೆ. ಕೊಲೈಟಿಸ್ ತೀವ್ರವಾಗಿರುವಾಗ ಕರುಳಿನ ಚಲನೆಯನ್ನು ಕುಗ್ಗಿಸುವ ಔಷಧದಿಂದ ದೊಡ್ಡ ಕರುಳು ಅಪಾಯಕರವಾಗಿ ಹಿಗ್ಗಿಕೊಳ್ಳಬಹುದು. ಹೊಟ್ಟೆನೋವಿಗೆಂದು ಅಂಗಡಿಯವರು ಕೊಟ್ಟ ಗುಳಿಗೆಯೇ ಹೀಗೆ ಎರಡು ಕಡೆಯಿಂದ ಕಾಡಬಹುದು. ಮಕ್ಕಳ ಜ್ವರಕ್ಕೆ ಕೊಡುವ ಸಿರಪ್‌ಗಳಲ್ಲೂ ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಇರುವುದುಂಟು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಡೈಕ್ಲೊಫೆನಾಕ್‌ನಂಥ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಕಾನೂನು ಹೇಳುತ್ತದೆ; ಕೌಂಟರಿನ ರೂಢಿಯೇ ಬೇರೆ. ಕೀಲುನೋವಿಗೆ ರಾಮಬಾಣವೆಂದು ಮಾರುವ, ಒಳಗೇನಿದೆಯೆಂದು ಬರೆದಿರದ ಪುಡಿ, ಗುಳಿಗೆಗಳ ವಿಷಯದಲ್ಲಂತೂ ಇನ್ನಷ್ಟು ಜಾಗ್ರತೆ ಬೇಕು. ಗಿಡಮೂಲಿಕೆಯದೆಂದು ಮಾರಲಾದ ಇಂಥ ಸಿದ್ಧೌಷಧಗಳಲ್ಲಿ ಡೈಕ್ಲೊಫೆನಾಕ್ ಹಾಗೂ ಸ್ಟೀರಾಯ್ಡ್ ಬೆರೆಸಿರುವುದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆಹಚ್ಚಿದ್ದಾರೆ.

ಹಾಗಾದರೆ ನೋವಿಗೆ ಮದ್ದೇನು?

ಸಾಮಾನ್ಯ ನೋವು, ಜ್ವರಗಳಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಕ್ರೋಸಿನ್, ಕ್ಯಾಲ್ಪಾಲ್, ಬೆಂಗಳೂರಿನ ಕಂಪೆನಿಯೊಂದು ತಯಾರಿಸುವ ಡೋಲೊ-650 ಇವೆಲ್ಲದರ ಒಳಗಿರುವುದು ಅದೇ. ವಯಸ್ಕರಿಗೆ ದಿನಕ್ಕೆ ಗರಿಷ್ಠ ಮಿತಿ 4 ಗ್ರಾಂ. ತೂಕ ಕಡಿಮೆ ಇರುವವರು, ಮದ್ಯಪಾನಿಗಳು, ಯಕೃತ್ತಿನ ತೊಂದರೆ ಇರುವವರು ಅದಕ್ಕಿಂತ ಬಹಳ ಕೆಳಗೆ ನಿಲ್ಲಬೇಕು. ಅಲ್ಸರೇಟಿವ್ ಕೊಲೈಟಿಸ್ ಇರುವ ಕೆಲವರಿಗೆ ಪಿತ್ತನಾಳಗಳ ಕಾಯಿಲೆಯೂ ಇರುವುದರಿಂದ ತಮ್ಮ ಮಿತಿ ಎಷ್ಟೆಂದು ವೈದ್ಯರಿಂದಲೇ ತಿಳಿಯುವುದು ಲೇಸು. ಡೆಂಗ್ಯೂ ಶಂಕೆ ಇರುವ ಜ್ವರದಲ್ಲಿ ರಕ್ತಸ್ರಾವದ ಭಯದಿಂದ ಆಸ್ಪಿರಿನ್, ಐಬುಪ್ರೊಫೆನ್‌ಗಳು ಯಾರಿಗೂ ಸಲ್ಲವು; ಐಬಿಡಿ ಇರುವವರಿಗೆ ಇದು ಎರಡು ಪಟ್ಟು ಸತ್ಯ.

ಒಂದೇ ಕೀಲಿನ ನೋವು, ಉಳುಕುಗಳಿಗೆ ಮೇಲೆ ಸವರುವ ಡೈಕ್ಲೊಫೆನಾಕ್ ಜೆಲ್ ಪರಿಗಣಿಸಬಹುದು. ಅದರಿಂದ ರಕ್ತ ಸೇರುವ ಔಷಧದ ಪ್ರಮಾಣ ಗುಳಿಗೆಗೆ ಹೋಲಿಸಿದರೆ ತೀರಾ ಅಲ್ಪ. ಬಿಸಿಶಾಖ, ವ್ಯಾಯಾಮ, ಫಿಸಿಯೊಥೆರಪಿಗಳನ್ನು ಹಗುರವಾಗಿ ಕಾಣಬೇಕಿಲ್ಲ. ಟ್ರಮಡಾಲ್‌ನಂಥ ಪ್ರಬಲ ನೋವುನಿವಾರಕ ಸುಲಭದ ಬದಲಿಯಲ್ಲ: ಅದು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ, ಚಟ ಹಿಡಿಸುತ್ತದೆ. 2018ರಲ್ಲಿ ಅದನ್ನು ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಕೀಲುನೋವಿನ ಮೂಲ ಕರುಳೇ ಆಗಿದ್ದರೆ ಚಿಕಿತ್ಸೆಯೂ ಅಲ್ಲಿಂದಲೇ ಆರಂಭವಾಗಬೇಕು. ಕರುಳಿನ ಉರಿಯೂತ ತಗ್ಗಿದಂತೆ ಮಂಡಿಯ ಊತವೂ ಬಹುಪಾಲು ತಗ್ಗುತ್ತದೆ. ಇಲ್ಲಿ ಸಲ್ಫಾಸಲಜಿನ್ ಎಂಬ ಹಳೆಯ ಔಷಧದ ಕಥೆ ಸ್ವಾರಸ್ಯಕರ. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ರೂಪಿಸಿದ ಈ ಔಷಧ ಕೊಲೈಟಿಸ್‌ಗೆ ವರವಾಯಿತು. ಕೈಕಾಲುಗಳ ಕೀಲುನೋವಿಗೂ ಕರುಳಿಗೂ ಇದು ಒಟ್ಟಿಗೆ ಒದಗಬಲ್ಲದು. ಸಲ್ಫಾ ಅಲರ್ಜಿ ಇರುವವರಿಗೆ ಮಾತ್ರ ಸಲ್ಲದು. ಇದರದೇ ಅಂಶವಾದ ಮೆಸಲಮಿನ್ ಆಸ್ಪಿರಿನ್‌ನ ದೂರದ ಬಂಧು ಎಂಬ ಕಾರಣಕ್ಕೆ ಕೆಲವರು ಅಂಜಿ ನಿಲ್ಲಿಸುವುದುಂಟು. ಅದು ಕರುಳನ್ನು ಕಾಯುವ ಔಷಧ. ನೋವುಗುಳಿಗೆಯ ಭಯಕ್ಕೆ ಅದನ್ನು ಬಲಿಗೊಡಬಾರದು.

ಬೆನ್ನುಮೂಳೆಯ ಉರಿಯೂತ ಇರುವವರದು ನಿಜವಾದ ಇಕ್ಕಟ್ಟು. ಆ ಕಾಯಿಲೆಗೆ ಎಲ್ಲೆಡೆ ಮೊದಲು ಬರೆಯುವ ಔಷಧವೇ ನೋವುಗುಳಿಗೆ, ಅದೂ ದಿನನಿತ್ಯ. ಇಂಥವರಿಗೆ ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್‌ಗಳಂಥ ಜೈವಿಕ ಔಷಧಗಳು ಕರುಳು ಬೆನ್ನು ಎರಡಕ್ಕೂ ನೆರವಾಗುತ್ತವೆ. ಆದರೆ ಅದೇ ಗುಂಪಿನ ಎಟನರ್ಸೆಪ್ಟ್ ಕೀಲಿಗೆ ಒದಗಿದರೂ ಕ್ರೋನ್ಸ್‌ಗೆ ಕೆಲಸ ಮಾಡದು. ಬೆನ್ನಿಗೆಂದು ಬರೆಯುವ ಸೆಕುಕಿನುಮಾಬ್ ಕ್ರೋನ್ಸ್ ಅನ್ನು ಕೆರಳಿಸಬಹುದು. 2014ರಲ್ಲಿ ಅಡಾಲಿಮುಮಾಬ್‌ನ ದೇಶೀಯ ಪ್ರತಿರೂಪ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ಇಳಿದಿದೆ. ಆದರೂ ಎಲ್ಲರ ಕೈಗೆ ಎಟುಕುವಷ್ಟಲ್ಲ. ಇವನ್ನು ಆರಂಭಿಸುವ ಮುನ್ನ ಅಡಗಿರುವ ಕ್ಷಯಕ್ಕಾಗಿ ಪರೀಕ್ಷೆ ಕಡ್ಡಾಯ. ಕೀಲುತಜ್ಞರೂ ಕರುಳುತಜ್ಞರೂ ಪರಸ್ಪರ ಮಾತಾಡಿ ಮದ್ದು ನಿರ್ಧರಿಸಬೇಕಾದ ಸಂದರ್ಭವಿದು. ಜೈವಿಕ ಔಷಧ ಸಾಧ್ಯವಾಗದೆ ನೋವುಗುಳಿಗೆಯೇ ಅನಿವಾರ್ಯವಾದರೆ, ಕರುಳು ಶಾಂತವಾಗಿರುವಾಗ, ಕಾಕ್ಸ್-2 ಬಗೆಯದನ್ನು, ಅತಿ ಕಡಿಮೆ ಪ್ರಮಾಣದಲ್ಲಿ, ಅತಿ ಕಡಿಮೆ ಅವಧಿಗೆ, ವೈದ್ಯರ ಕಣ್ಗಾವಲಿನಲ್ಲಿ ಸೇವಿಸುವುದು ತಜ್ಞರು ಒಪ್ಪುವ ದಾರಿ.

ಹೃದಯರಕ್ಷಣೆಗೆಂದು ದಿನವೂ 75 ಮಿಲಿಗ್ರಾಂ ಆಸ್ಪಿರಿನ್ ಸೇವಿಸುವವರು ಇದನ್ನು ಓದಿ ಗಾಬರಿಯಾಗಿ ನಿಲ್ಲಿಸಕೂಡದು. ಸ್ಟೆಂಟ್ ಅಳವಡಿಸಿಕೊಂಡವರು ಹಾಗೆ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಅಲ್ಪ ಪ್ರಮಾಣದ ಆಸ್ಪಿರಿನ್‌ನಿಂದ ಕರುಳಿನ ಕಾಯಿಲೆ ಕೆರಳುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ; ಮುಂದುವರಿಸುವ, ಬಿಡುವ ತೀರ್ಮಾನ ವೈದ್ಯರದು.

ನೆನಪಿಡಬೇಕಾದ ಅಂಶಗಳು

* ಔಷಧ ಕೊಳ್ಳುವಾಗ ಬ್ರಾಂಡ್ ಹೆಸರಲ್ಲ, ಪಟ್ಟಿಯ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಬೇಕು.

* ದಂತವೈದ್ಯರು, ಮೂಳೆತಜ್ಞರು, ಸ್ತ್ರೀರೋಗತಜ್ಞರು ಸೇರಿದಂತೆ ಯಾವ ವೈದ್ಯರ ಬಳಿ ಹೋದರೂ ಐಬಿಡಿ ಇರುವುದನ್ನು ಮೊದಲೇ ಹೇಳಬೇಕು. ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಏನು ಕೊಡುತ್ತಾರೆಂದು ಮುಂಚಿತವಾಗಿ ಕೇಳಬೇಕು.

* ಅರಿಯದೆ ಒಂದೆರಡು ಗುಳಿಗೆ ನುಂಗಿದ್ದರೆ ಭಯಪಡಬೇಕಿಲ್ಲ. ನಿಲ್ಲಿಸಿ, ಮುಂದಿನ ಕೆಲವು ದಿನ ಗಮನವಿಟ್ಟರೆ ಸಾಕು.

* ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ಏರುತ್ತಿರುವ ಭೇದಿ, ಹೊಟ್ಟೆಯುಬ್ಬರ, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಮರುದಿನಕ್ಕೆ ಮುಂದೂಡದೆ ಆಸ್ಪತ್ರೆಗೆ ಧಾವಿಸಬೇಕು.

* ವಾರಕ್ಕೆ ಹಲವು ಬಾರಿ ನೋವುಗುಳಿಗೆಯ ಅಗತ್ಯ ಬೀಳುತ್ತಿದ್ದರೆ, ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಗುಳಿಗೆ ಬದಲಿಸುವ ಬದಲು ವೈದ್ಯರನ್ನು ಕಾಣುವುದು ಮೇಲು.

ನೋವನ್ನು ಹಲ್ಲುಕಚ್ಚಿ ಸಹಿಸಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ. ಐಬಿಡಿ ರೋಗಿಗೆ ನೋವುನಿವಾರಣೆಯ ಹಕ್ಕು ಎಲ್ಲರಷ್ಟೇ ಇದೆ. ಬೇಕಾದುದು ಆಯ್ಕೆಯಲ್ಲಿ ವಿವೇಕ. ಯಾವ ಔಷಧ, ಎಷ್ಟು, ಎಷ್ಟು ದಿನ, ಕರುಳು ಈಗ ಯಾವ ಸ್ಥಿತಿಯಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರ ಗುಳಿಗೆಗೆ ಕೈಚಾಚಿದರೆ ಕೀಲಿಗೂ ಕ್ಷೇಮ, ಕರುಳಿಗೂ ಕ್ಷೇಮ.